ಎಲ್ಲ ವಿಜ್ಞಾನಕ್ಕೂ ಒಂದೇ ನಾಯಿಬಾಲ

ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಅದರಲ್ಲಿಯೂ ವಿಜ್ಞಾನದಲ್ಲಿ ಪಾಸಾದದ್ದು ಮಾಸ್ತರರ ದಯೆಯಿಂದ. ಆದರೂ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಎಲ್ಲರಿಗಿಂತ ದೊಡ್ಡ ವಿಜ್ಞಾನಿ ಯಾರು ಎಂಬುದನ್ನು ಒಂದು ಕಾಲಕ್ಕೆ ನಾನೇ ತೀರ್ಮಾನಿಸಿದ್ದೆ. ತೀರ್ಮಾನಿಸುತ್ತಿದ್ದೇನೆ ಎಂಬುದು ನನಗೆ ಗೊತ್ತಿರಲಿಲ್ಲ, ಅದು ಬೇರೆ ಮಾತು. ಗೊತ್ತಾದ ಮೇಲೂ ಸುಮ್ಮನಿದ್ದೆನಲ್ಲ, ಸುಮ್ಮನಿದ್ದುದು ಸಾಲದೆಂದು ಒಂದು ಸುಳ್ಳನ್ನೂ ಹೇಳಿದೆನಲ್ಲ, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಬನಹಟ್ಟಿಯ ಒಂದು ಅಚ್ಚುಕೂಟದಲ್ಲಿ ನಾನು ಮೊಳೆ ಜೋಡಿಸುವವನಾಗಿದ್ದೆ. ಸೀಸದ ಅಕ್ಷರಗಳನ್ನು ಖಾನೆಗಳಿಂದ ಒಂದೊಂದಾಗಿ ಎತ್ತಿ ಸಾಲು ಮಾಡಿ, ಸಾಲುಗಳನ್ನು ಪುಟ ಮಾಡಿ, ದಾರದಿಂದ ಕಟ್ಟಿ ಮಶೀನಿಗೆ ಏರಿಸುವ ಕೆಲಸ. ಸೀರೆಗೆ ಅಂಟಿಸುವ ಚೀಟಿ, ಲಗ್ನಪತ್ರಿಕೆ, ಚುನಾವಣೆ ಬಂದರೆ ಕೈಮುಗಿದು ನಿಂತವರ ಕರಪತ್ರ, ಇವು ನಮ್ಮ ಹೊಟ್ಟೆ ತುಂಬಿಸುತ್ತಿದ್ದವು. ವರ್ಷಕ್ಕೊಮ್ಮೆ ಜಮಖಂಡಿಯ ಒಂದು ಕಾಲೇಜಿನ ಸಂಶೋಧನಾ ಪತ್ರಿಕೆಯೂ ನಮ್ಮಲ್ಲಿಗೇ ಬರುತ್ತಿತ್ತು. ಇಂಗ್ಲಿಷಿನ ಪತ್ರಿಕೆ. ನನಗೆ ಅಕ್ಷರ ಗೊತ್ತು, ಅರ್ಥ ಅಷ್ಟಕ್ಕಷ್ಟೆ. ಮೊಳೆ ಜೋಡಿಸಲು ಅರ್ಥ ಬೇಕಾಗುವುದಿಲ್ಲ. ಅರ್ಥ ಹುಡುಕುತ್ತ ಕೂತರೆ ಕೈ ನಿಧಾನವಾಗುತ್ತದೆ ಎಂದು ನಮ್ಮ ಮಾಲಕರು ಬೈಯುತ್ತಿದ್ದರು.

ಮಾಲಕರಿಗೆ ಒಂದು ಚಟವಿತ್ತು. ಕಾಗದದಲ್ಲಿ ಖಾಲಿ ಜಾಗ ಕಂಡರೆ ತುಂಬಿಸದೆ ಬಿಡುತ್ತಿರಲಿಲ್ಲ. “ಲೇ ತಮ್ಮಾ, ಈ ಪುಟದ ಬುಡಕ ಇಷ್ಟ ಬಯಲ ಯಾಕ ಬಿಟ್ಟೀ? ಕುಸ್ತಿ ಆಡಸ್ತೀಯೇನ ಅಲ್ಲಿ?” ಎನ್ನುತ್ತಿದ್ದರು. ಲಗ್ನಪತ್ರಿಕೆಯಾದರೆ ಕಷ್ಟವಿರಲಿಲ್ಲ. ಗಿಳಿ, ಕಳಸ, ಮಾವಿನ ತೋರಣದ ಅಚ್ಚುಗಳಿದ್ದವು. ಎಲ್ಲಿ ಬಯಲಾಯಿತೋ ಅಲ್ಲಿ ಒಂದು ಗಿಳಿ ಕೂರಿಸಿದರೆ ಮುಗಿಯಿತು. ಮೊದಲ ವರ್ಷ ಕಾಲೇಜಿನ ಪತ್ರಿಕೆಗೂ ಹಾಗೆಯೇ ಮಾಡಿದೆ. ಗಂಧಕಾಮ್ಲದ ಲೇಖನ ಮುಗಿದಲ್ಲಿ ಎರಡು ಗಿಳಿಗಳು ಎದುರುಬದುರು ಕೂತವು. ಪ್ರಿನ್ಸಿಪಾಲರು ಜಮಖಂಡಿಯಿಂದ ಬಸ್ಸು ಹತ್ತಿ ಬಂದು, “ಇದು ಸಂಶೋಧನಾನೋ ನಿಮ್ಮ ಮನೀ ಲಗ್ನಾನೋ?” ಎಂದು ಅಂಗಡಿಯ ಮುಂದೆ ಮಂದಿ ಸೇರುವಂತೆ ಕೂಗಾಡಿದರು.

ಹಾಗಾದರೆ ಬಯಲನ್ನು ತುಂಬುವುದು ಹೇಗೆ? ಗಿಳಿ ನಡೆಯುವುದಿಲ್ಲ, ಖಾಲಿ ಬಿಟ್ಟರೆ ಮಾಲಕರಿಗೆ ನಡೆಯುವುದಿಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಪ್ರತಿಯೊಂದು ಲೇಖನದ ಕೊನೆಯಲ್ಲಿರುತ್ತಿದ್ದ ಹೆಸರುಗಳ ಸಾಲು. ಯಾರು, ಯಾವ ಲೇಖನ, ಯಾವ ಪತ್ರಿಕೆ ಎಂದು ಒಂದರ ಕೆಳಗೊಂದು ಇರುತ್ತಿತ್ತು. ಅದೇನೆಂದು ನಾನು ಯಾರನ್ನೂ ಕೇಳಲಿಲ್ಲ. ಲಗ್ನಪತ್ರಿಕೆಯ ಕೊನೆಗೆ ‘ತಮ್ಮ ಆಗಮನ ಬಯಸುವವರು’ ಎಂದು ಕಾಕಾ, ಮಾಮಾ, ಬೀಗರ ಹೆಸರು ಬರುತ್ತದಲ್ಲ, ಇದೂ ಅದೇ ಎಂದುಕೊಂಡೆ. ಬಯಸುವವರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟರೆ ಜಗಳವಾಗುತ್ತದೆ, ಹೆಚ್ಚಿಗೆ ಹಾಕಿದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಇದು ನನ್ನ ಕಸುಬು ನನಗೆ ಕಲಿಸಿದ ಮಾತು.

ಹಿಂದಿನ ಸಂಚಿಕೆಯ ಒಂದು ಲೇಖನದ ಶೀರ್ಷಿಕೆ, ಬರೆದವರ ಹೆಸರಿನ ಸಮೇತ, ಮೊಳೆಗಳಲ್ಲಿ ಇನ್ನೂ ಹಾಗೇ ಕಟ್ಟಿಟ್ಟಿತ್ತು. ಮೊಳೆ ಬಿಡಿಸಿ ಖಾನೆಗೆ ಹಾಕಲು ನನಗೆ ಬೇಸರವಾಗಿತ್ತು. ಶೀರ್ಷಿಕೆ ಉದ್ದ, ಬಯಲಿಗೆ ಸರಿಯಾಗಿ ಕೂರುವಂಥದು. ಕನ್ನಡದಲ್ಲಿ ಹೇಳುವುದಾದರೆ, ‘ಮುಧೋಳ ಬೇಟೆನಾಯಿಯ ಬಾಲದ ಉದ್ದಕ್ಕೂ ಓಟದ ವೇಗಕ್ಕೂ ಇರುವ ಸಂಬಂಧ: ಒಂದು ಆರಂಭಿಕ ಅಧ್ಯಯನ’. ಅದನ್ನೇ ಎತ್ತಿ ಗಂಧಕಾಮ್ಲದವರ ಮುಂದಿನ ಲೇಖನದ ಬುಡಕ್ಕೆ ಕೂರಿಸಿದೆ. ಪ್ರೂಫ್ ನೋಡಿ ಸಹಿ ಮಾಡಿ ಅವರು ಹೋದ ಮೇಲೆ, ಪುಟ ಕಟ್ಟುವಾಗ. ಯಾರೂ ಏನೂ ಅನ್ನಲಿಲ್ಲ. ಅಚ್ಚಾದ ಮೇಲೆ ಎಲ್ಲರೂ ತಮ್ಮ ಹೆಸರು ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಮೇಲೆ ಮಾತ್ರ ನೋಡುತ್ತಿದ್ದರು. ಮುಂದೆ ಎಲ್ಲಿ ಬಯಲೋ ಅಲ್ಲಿ ನಾಯಿಬಾಲ. ವರ್ಷಗಳು ಹೋದವು. ಜೋಳದ ಕಾಡಿಗೆ ರೋಗಕ್ಕೂ ನಾಯಿಬಾಲ, ಘಟಪ್ರಭೆಯ ನೀರಿನ ಉಪ್ಪಿಗೂ ನಾಯಿಬಾಲ.

ಬಾಲದ ಒಡೆಯರು ಪ್ರಾಣಿಶಾಸ್ತ್ರದ ಅಧ್ಯಾಪಕರು. ಮುಧೋಳದವರು, ಬಹಳ ಒಳ್ಳೆಯ ಮನುಷ್ಯ. ಕಿಸೆಯಲ್ಲಿ ಸದಾ ದರ್ಜಿಯ ಟೇಪು ಇರುತ್ತಿತ್ತು. ದಾರಿಯಲ್ಲಿ ನಾಯಿ ಕಂಡರೆ ಮಾತು ನಿಲ್ಲಿಸಿ ಅಳೆಯಲು ಹೋಗುತ್ತಿದ್ದರು. ಊರಿನ ಮಂದಿ ಅವರನ್ನು ನಾಯಿ ಸರ್ ಎನ್ನುತ್ತಿದ್ದರು, ಅವರಿಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ. ತಮ್ಮ ಹೆಸರು ಬೇರೆಯವರ ಲೇಖನದಲ್ಲಿ ಮೊದಲ ಸಲ ಕಂಡಾಗ ಪೇಡೆಯ ಪೊಟ್ಟಣ ಹಿಡಿದು ಬನಹಟ್ಟಿಗೆ ಬಂದರು.

“ನೋಡ್ರಿ, ರಸಾಯನದವರು ನನ್ನ ಬಾಲದ ಕೆಲಸಾ ಓದ್ಯಾರ! ನನಗ ಒಂದ ಮಾತ ಹೇಳಲಿಲ್ಲ ಮನಶ್ಯಾ. ದೊಡ್ಡವರು ಹಂಗ, ಸುಮ್ಮ ಓದಿ ಸುಮ್ಮ ಬರೀತಾರ” ಎಂದರು.

ನಾನು ಪೇಡೆ ತಿಂದೆ. ಎರಡು ತಿಂದೆ.

ಅದೇ ವಿಭಾಗದಲ್ಲಿ ಇನ್ನೊಬ್ಬರಿದ್ದರು. ಹೆಣ್ಣುಮಗಳು, ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವಂತೆ ಎಲ್ಲರೂ ಬಾಯಿಯವರು ಎನ್ನುತ್ತಿದ್ದರು. ಸಾವಳಗಿಯ ಕಡೆ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳುವಿನ ಹಿಂದೆ ಬಿದ್ದಿದ್ದರು. ರಜೆಯ ದಿನ ಬಸ್ಸು ಹತ್ತಿ ಯಾರದೋ ಹೊಲಕ್ಕೆ ಹೋಗಿ, ಮಣ್ಣು ಅಗೆದು, ಹುಳುಗಳನ್ನು ಗಾಜಿನ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಒಮ್ಮೆ ಅದೇ ಬಾಟಲಿಯನ್ನು ನಮ್ಮ ಮೇಜಿನ ಮೇಲಿಟ್ಟು ಪ್ರೂಫ್ ತಿದ್ದಲು ಕೂತರು. ಮಾಲಕರು ಉಪ್ಪಿನಕಾಯಿ ಎಂದು ಮುಚ್ಚಳ ತೆಗೆದು, ಆ ದಿನ ಮತ್ತೆ ಊಟ ಮಾಡಲಿಲ್ಲ.

ನಾನು ಹೇಳುತ್ತಿರುವ ವರ್ಷ ಅವರು ಪ್ರೂಫ್ ತಿದ್ದುತ್ತ ಬಹಳ ಹುರುಪಿನಲ್ಲಿದ್ದರು. ಸಾವಳಗಿಯ ಹತ್ತಿರ ಕಬ್ಬಿನ ಕೀಟಗಳ ಸಂಶೋಧನೆಗೆ ಒಂದು ಸಣ್ಣ ಕೇಂದ್ರ ತೆರೆಯುತ್ತಾರಂತೆ, ಎರಡು ಎಕರೆ ಹೊಲ, ಒಂದು ಕೋಣೆ. ಕಾಲೇಜಿನವರೇ ಒಬ್ಬರನ್ನು ಮುಖ್ಯಸ್ಥರೆಂದು ಆರಿಸಬೇಕಂತೆ.

“ನನಗ ಸಿಕ್ರ ಅಣ್ಣಾರ, ಇನ್ನೊಬ್ಬರ ಹೊಲದಾಗ ಕಳ್ಳರಂಗ ಅಗಿಯೂದು ತಪ್ಪತದ” ಎಂದರು. “ಹ್ವಾದ ವಾರ ಒಬ್ಬಾಂವ ನಾ ನಿಧಿ ಹುಡಕಾಕತ್ತೇನಿ ಅಂತ ತಿಳಕೊಂಡು ಅರ್ಧಾ ಪಾಲ ಕೇಳಿದಾ. ಎರಡ ಹುಳಾ ಕೊಟ್ಟ ಬಂದೆ.”

ಅವರಿಗೆ ಬೇಕಾದದ್ದು ಅಷ್ಟೆ, ತಮ್ಮದೆನ್ನುವ ಎರಡು ಎಕರೆ ಹುಳು ಹಿಡಿದ ಕಬ್ಬು. ಅವರು ಪ್ರೂಫಿಗೆ ಸಹಿ ಮಾಡಿ ಹೋದರು. ಲೇಖನ ಪುಟದ ನಡುವಿಗೇ ಮುಗಿದಿತ್ತು. ನಾನು ನಾಯಿಬಾಲ ಕೂರಿಸಿ ಮಶೀನಿಗೆ ಏರಿಸಿದೆ.

ಕೆಲವು ದಿನಗಳಾದ ಮೇಲೆ ನಾಯಿ ಸರ್ ಮತ್ತೆ ಪೇಡೆ ಹಿಡಿದು ಬಂದರು. ಈ ಸಲ ದೊಡ್ಡ ಪೊಟ್ಟಣ.

“ವಿಶ್ವವಿದ್ಯಾಲಯದಿಂದ ಕಾಗದ ಬಂದೈತ್ರಿ ಮಾಲಕರ. ಕೇಂದ್ರದ ಮುಖ್ಯಸ್ಥನ್ನ ಆರಸಾಕ ಹೊಸಾ ಪದ್ಧತಿ. ಪರದೇಶದಾಗ ಹಿಂಗ ಮಾಡತಾರಂತ. ಯಾರ ಲೇಖನದ ಹೆಸರ ಉಳದವರ ಲೇಖನದ ಬುಡಕ ಹೆಚ್ಚ ಸಲ ಬಂದೈತಿ, ಅವರ ಕೆಲಸ ದೊಡ್ಡದು. ಎಣಿಸಿದ್ರ ಆತು! ನಮ್ಮ ಪ್ರಿನ್ಸಿಪಾಲರಿಗೆ ಭಾಳ ಖುಷಿ, ಯಾಕಂದ್ರ ಏನೂ ಓದೂ ಹಂಗಿಲ್ಲ.”

“ಅಂದ್ರ ಬುಡದಾಗಿನ ಹೆಸರು…” ಎಂದೆ ನಾನು.

“ಅದ, ಅದ. ಆ ಕೆಲಸದಿಂದ ನಮಗ ಉಪಯೋಗ ಆಗೇತಿ ಅಂತ ಬರದಾಂವ ಒಪ್ಪಿಕೊಂಡಂಗ. ನಂದಂತೂ ಎಲ್ಲಾ ಕಡೆ ಐತಿ. ಜೋಳದಾಗೂ ಐತಿ! ನನಗ ಕೀಟದ ಬಗ್ಗೆ ಏನೂ ಗೊತ್ತಿಲ್ಲ, ಆದ್ರ ಲೆಕ್ಕ ಲೆಕ್ಕನ ಅಲ್ಲೇನ್ರಿ?”

ಬಾಯಿಗೆ ಒಯ್ದ ಪೇಡೆಯನ್ನು ತಿರುಗಿ ಪೊಟ್ಟಣದಲ್ಲಿಟ್ಟೆ. ಅದು ಬಯಸುವವರ ಪಟ್ಟಿಯಲ್ಲ. ಒಂದು ಹೆಸರು ಹೆಚ್ಚಾದರೆ ಸಿಟ್ಟು ಬರುವುದಿಲ್ಲ ನಿಜ, ಆದರೆ ಒಬ್ಬರ ಕಬ್ಬಿನ ಹೊಲ ಇನ್ನೊಬ್ಬರಿಗೆ ಹೋಗುತ್ತದೆ.

ಆಗಲೇ ಜಮಖಂಡಿಗೆ ಹೋಗಿ ಹೇಳಬಹುದಾಗಿತ್ತು. ಹೇಳಿದರೆ ಪತ್ರಿಕೆಯ ಕೆಲಸ ಹೋಗುತ್ತದೆ, ಮಾಲಕರು ನನ್ನನ್ನೂ ಅದರ ಹಿಂದೆಯೇ ಕಳಿಸುತ್ತಾರೆ. ಅದಕ್ಕೆ ನಾನು ಜಾಣತನ ಮಾಡಿದೆ. ನಾಯಿಬಾಲದಷ್ಟೇ ಸಲ ಗೊಣ್ಣೆ ಹುಳುವನ್ನೂ ತುಂಬಿಬಿಟ್ಟರೆ ತಕ್ಕಡಿ ಸಮವಾಗುತ್ತದೆ ಎಂದು ಬಾಯಿಯವರ ಹಳೆಯ ಲೇಖನವೊಂದರ ಹೆಸರನ್ನು ಮೊಳೆಯಲ್ಲಿ ಕಟ್ಟಿದೆ. ಕಟ್ಟಿದ ಮೇಲೆ ನೋಡಿದರೆ, ಆ ಸಂಚಿಕೆಯ ಲೇಖನಗಳೆಲ್ಲ ಆಗಲೇ ಅಚ್ಚಾಗಿ ಒಣಗಿದ್ದವು. ಉಳಿದದ್ದು ಎರಡೇ ಪುಟ. ಒಂದು ಕಬಡ್ಡಿ ತಂಡದ ವರದಿ. ಇನ್ನೊಂದು ಆ ವರ್ಷ ತೀರಿಕೊಂಡ ಕಾಲೇಜಿನ ಹಳೆಯ ಹೆಡ್ ಕ್ಲಾರ್ಕರಿಗೆ ಶ್ರದ್ಧಾಂಜಲಿ.

ಎರಡರ ಬುಡದಲ್ಲೂ ಬಯಲಿತ್ತು. ಎರಡರಲ್ಲೂ ಕೂರಿಸಿದೆ. ‘ಅವರ ಆತ್ಮಕ್ಕೆ ಶಾಂತಿ ಸಿಗಲಿ’ ಎಂಬ ಸಾಲಿನ ಕೆಳಗೆ ಸೀದಾ ‘ಮಣ್ಣಿನೊಳಗೆ ಗೊಣ್ಣೆ ಹುಳುವಿನ ಆಹಾರ ಪದ್ಧತಿ’ ಎಂದು ಬಂತು. ಅರ್ಥ ನೋಡದೆ ಮೊಳೆ ಜೋಡಿಸುವ ಅಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರಲ್ಲಿ ನನಗೆ ಏನೂ ಕಾಣಲಿಲ್ಲ.

ಆಯ್ಕೆಯ ದಿನವೇ ಪತ್ರಿಕೆಯ ಗಂಟು ಹೊತ್ತು ಜಮಖಂಡಿಗೆ ಹೋದೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲ ಅಧ್ಯಾಪಕರೂ ಕೂತಿದ್ದರು. ವಿಶ್ವವಿದ್ಯಾಲಯದಿಂದ ಬಂದಿದ್ದ ಒಬ್ಬ ಹಿರಿಯರು ನಡುವೆ ಇದ್ದರು. ಹಳೆಯ ಸಂಚಿಕೆಗಳ ಎಣಿಕೆ ಮುಗಿದಿತ್ತು, ನಾಯಿ ಸರ್ ಹೊಸ ಕೋಟು ಹಾಕಿಕೊಂಡು ಬಂದಿದ್ದರು, ಚಹಾ ಒಂದು ಬರಬೇಕಾಗಿತ್ತು. ಚಹಾ ತಡವಾಯಿತು. ಎಲ್ಲ ಕೆಟ್ಟದ್ದು ಅಲ್ಲಿ. ಬೇಸರ ಕಳೆಯಲು ಹಿರಿಯರು ನನ್ನ ಗಂಟಿನಿಂದ ಹೊಸ ಸಂಚಿಕೆಯ ಒಂದು ಪ್ರತಿ ತೆಗೆದುಕೊಂಡು ಓದತೊಡಗಿದರು. ನನಗೆ ತಿಳಿದಂತೆ ಆ ಪತ್ರಿಕೆಯನ್ನು ಓದಿದ ಮೊದಲ ಮನುಷ್ಯ ಅವರೇ.

“ಗಣಿತದವರು ಯಾರು?” ಎಂದರು.

“ನಾನ್ರಿ ಸರ್.”

“ನಿಮ್ಮದು ಅನಂತ ಶ್ರೇಣಿಗಳ ಲೇಖನ. ಛಲೋ ಅದ. ಆದ್ರ ಅದಕ್ಕ ನಾಯಿ ಬಾಲ ಯಾಕ ಬೇಕಾತು?”

ಗಣಿತದವರು ಪುಟ ನೋಡಿದರು. ತಮ್ಮ ಲೇಖನದ ಕೊನೆಯಲ್ಲಿ ಏನಿದೆ ಎಂದು ಆಗಲೇ ಅವರಿಗೆ ಗೊತ್ತಾದದ್ದು. ಕಿವಿ ಕೆಂಪಾದವು. ತಾವು ಬರೆದಿಲ್ಲ ಎಂದರೆ ಅಚ್ಚಾದದ್ದನ್ನು ತಾವೇ ಓದಿಲ್ಲ ಎಂದಂತಾಗುತ್ತದೆ. ಗಂಟಲು ಸರಿಮಾಡಿಕೊಂಡರು.

“ಸರ್, ನಾಯಿ ಬಾಲ ತುದೀಗೆ ಹ್ವಾದಂಗ ಸಣ್ಣ ಆಗತದ್ರಿ. ಮತ್ತ ಸಣ್ಣ ಆಗತದ. ಆದ್ರ ಪೂರಾ ಸೊನ್ನಿ ಆಗೂದಿಲ್ಲ. ಶ್ರೇಣಿನೂ ಹಂಗ.”

“ತುದ್ಯಾಗ ಕೂದಲ ಇರತಾವಲ್ಲ?”

“ಅವು ಉಳದ ಪದಗಳ್ರಿ ಸರ್.”

ಹಿರಿಯರು ಹೂಂ ಎಂದು ರಸಾಯನದವರ ಕಡೆ ತಿರುಗಿದರು. “ನಿಮ್ಮದು ನೂಲಿನ ಬಣ್ಣ. ನೀವೂ ಬಾಲಾ ಹಿಡದೀರಿ.”

“ಬಾಲದ ಕೂದಲಕ್ಕ ಬಣ್ಣ ಹಚ್ಚಿ ನೋಡೂ ವಿಚಾರ ಇತ್ರಿ. ಮಳಿಯಾಗ ನಿಲ್ಲತದೋ ಇಲ್ಲೋ ಅಂತ.”

ನಾಯಿ ಸರ್ ಕುರ್ಚಿಯಿಂದ ಅರ್ಧ ಎದ್ದರು. ಕಣ್ಣು ತುಂಬಿದ್ದವು. “ಮೊದಲ ಹೇಳಬಾರದೇನ್ರೀ? ನಾಯಿ ನಾನ ಕೊಡತಿದ್ನಲ್ಲ!”

ಒಬ್ಬರೂ ನಗಲಿಲ್ಲ. ಸಸ್ಯಶಾಸ್ತ್ರದವರು ತಮ್ಮ ಸರದಿಗೆ ಏನು ಹೇಳುವುದೆಂದು ತುಟಿ ಅಲ್ಲಾಡಿಸುತ್ತ ತಯಾರಾಗುತ್ತಿದ್ದರು. ಅಷ್ಟರಲ್ಲಿ ಹಿರಿಯರು ಬಾಯಿಯವರನ್ನು ಕೇಳಿದರು. “ನಿಮ್ಮ ಗೊಣ್ಣಿ ಹುಳಕ್ಕೂ ಬಾಲಕ್ಕೂ ಏನ ಸಂಬಂಧ?”

“ಏನೂ ಇಲ್ರಿ. ಆ ಲೇಖನಾ ನಾ ಓದೇ ಇಲ್ಲ. ಈ ಸಾಲ ನಾ ಬರದಿಲ್ಲ. ಪ್ರೂಫ್ ನೋಡುವಾಗ ಇರಲಿಲ್ಲ.”

“ಗಣಿತದವರು, ರಸಾಯನದವರು ತಮ್ಮ ಲೇಖನಕ್ಕ ಉತ್ತರಾ ಹೇಳಿದ್ರು” ಎಂದು ಹಿರಿಯರು ಪುಟ ತಿರುಗಿಸಿದರು. “ಹೋಗ್ಲಿ. ಇದೇನು? ಸತ್ತವರ ಶ್ರದ್ಧಾಂಜಲಿ ಕೆಳಗ ನಿಮ್ಮ ಹುಳದ ಊಟದ ಲೇಖನ? ಕಬಡ್ಡ್ಯಾಗೂ ಅದ!”

ಪ್ರಿನ್ಸಿಪಾಲರು ಪ್ರತಿ ಕಸಿದು ನೋಡಿ ತಲೆ ಚಚ್ಚಿಕೊಂಡರು. “ಬಾಯಾರ, ಎಣಿಕಿ ಐತಿ ಅಂತ ಗೊತ್ತಾದ ಕೂಡಲೆ ಸತ್ತವರನ್ನೂ ಬಿಡಲಿಲ್ಲೇನು ನೀವು?”

“ನನಗ ಖರೇನ ಗೊತ್ತಿಲ್ರಿ. ಅಚ್ಚು ಮಾಡಿದವರು ಇಲ್ಲೇ ನಿಂತಾರ, ಕೇಳ್ರಿ.”

ಎಲ್ಲರೂ ಬಾಗಿಲ ಕಡೆ ನೋಡಿದರು. ಪ್ರಿನ್ಸಿಪಾಲರು, “ಏನಪಾ, ಕೊಟ್ಟದ್ದ ಅಚ್ಚು ಮಾಡೀಯೋ, ನಿಂದೇನರ ಸೇರಿಸೀಯೋ?” ಎಂದರು.

“ಕೊಟ್ಟದ್ದ ಅಚ್ಚು ಮಾಡೇನ್ರಿ ಸಾಹೇಬ್ರ” ಎಂದೆ.

ಆಗ ಚಹಾ ಬಂತು. ಬಾಯಿಯವರು ಚಹಾ ಕುಡಿಯದೆ ಎದ್ದು ಹೋದರು. ಕೇಂದ್ರ ನಾಯಿ ಸರ್ ಅವರಿಗೆ ಸಿಕ್ಕಿತು.

ಮುಂದೆ ಸಾವಳಗಿಯ ಕಡೆಯ ಮಂದಿ ಹೇಳುತ್ತಿದ್ದುದನ್ನು ಕೇಳಿದ್ದೇನೆ. ಕಬ್ಬು ಒಣಗಿತೆಂದು ರೈತರು ಹೋದರೆ ನಾಯಿ ಸರ್ ದಿಗಿಲುಬಿದ್ದು, “ನಿಮ್ಮ ಮನ್ಯಾಗ ನಾಯಿ ಅದಾವೇನ್ರಿ?” ಎಂದು ಮಾತು ತಿರುಗಿಸುತ್ತಿದ್ದರಂತೆ. ಮಂದಿ ನಾಯಿಗಳನ್ನು ಕರೆತರತೊಡಗಿದರು. ಹುಣ್ಣಿಗೆ ಔಷಧ, ಮರಿಗೆ ಹೆಸರು, ಎಲ್ಲ ಅಲ್ಲಿ ಸಿಗುತ್ತಿತ್ತು. ಕಬ್ಬಿನ ಕೇಂದ್ರದ ಮುಂದೆ ಬೆಳಿಗ್ಗೆ ನಾಯಿಗಳ ಸಾಲು. ಒಳಗೆ ಎರಡು ಎಕರೆ ಕಬ್ಬನ್ನು ಹುಳುಗಳು ನಿಶ್ಚಿಂತೆಯಿಂದ ತಿನ್ನುತ್ತಿದ್ದವು.

ಮರುವರ್ಷ ಬೇಸಿಗೆಯಲ್ಲಿ ಬಾಯಿಯವರು ನಮ್ಮ ಅಚ್ಚುಕೂಟಕ್ಕೆ ಬಂದರು. ರೈತರಿಗೆ ಹಂಚಲು ಕನ್ನಡದಲ್ಲಿ ಒಂದು ಕರಪತ್ರ ಬೇಕಾಗಿತ್ತು. ಮೊದಲ ಮಳೆ ಬಿದ್ದ ಮೇಲೆ ಸಂಜೆ ಗೊಣ್ಣೆ ಹುಳುಗಳು ದುಂಬಿಗಳಾಗಿ ಮಣ್ಣಿನಿಂದೆದ್ದು ಬೇವಿನ ಮರ, ಜಾಲಿ ಮರಕ್ಕೆ ಬರುತ್ತವೆ. ಆಗ ಟೊಂಗೆ ಅಲ್ಲಾಡಿಸಿ ಬೀಳಿಸಿ, ಚಿಮಣಿ ಎಣ್ಣೆ ಬೆರೆಸಿದ ನೀರಿಗೆ ಹಾಕಿ ಕೊಲ್ಲಿರಿ. ತತ್ತಿ ಇಡುವ ಮೊದಲೇ ಕೊಂದರೆ ಬೇರು ಉಳಿಯುತ್ತದೆ. ಅಷ್ಟೇ ಇತ್ತು. ಓದುತ್ತ ಓದುತ್ತ ನನಗೆ ಅರ್ಥವಾಯಿತು. ಅರ್ಥವಾದ ಲೇಖನವೊಂದನ್ನು ನಾನು ಜೋಡಿಸಿದ್ದು ಅದೇ ಮೊದಲು. ಮಾಲಕರು ಊಟಕ್ಕೆ ಹೋಗಿದ್ದರು. ನಾನು ಎದ್ದು ನಿಂತು ಗಿಳಿಯಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲ ಹೇಳಿದೆ.

ಬಾಯಿಯವರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

“ಬೀಗರ ಪಟ್ಟಿ ಅಂತ ತಿಳಕೊಂಡಿದ್ರಿ?”

“ಹೌದ್ರಿ.”

“ಅದನ್ನ ಮಾಫ್ ಮಾಡಬಹುದು. ಅವತ್ತ ಬಾಗಲದಾಗ ನಿಂತ ಹೇಳಿದ್ರಲ್ಲ, ಅದನ್ನ ಹೆಂಗ ಮಾಡ್ಲಿ? ನನಗ ಆ ಹೊಲಾ ಬೇಕಾಗಿತ್ರಿ.” ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡರು. “ನಡೀರಿ, ಪ್ರಿನ್ಸಿಪಾಲರ ಮುಂದ ಹೇಳ್ರಿ.”

ಹೋದೆ. ಹೇಳಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಅಂದ ಒಂದ ಹೇಳಿದಿ, ಇಂದ ಒಂದ ಹೇಳತೀ. ನಾ ಯಾವದ ನಂಬಲಿ? ಗಣಿತದವರು ಬಾಲದ ಶ್ರೇಣಿ ಮ್ಯಾಲ ಎರಡನೇ ಲೇಖನಾ ಬರ್ಯಾಕತ್ತಾರ, ಗೊತ್ತೇನ? ನೀ ಹೇಳೂದು ಎಲ್ಲೆರ ಅಚ್ಚಾಗೇತಿ?”

“ಇಲ್ರಿ.”

“ಯಾರರ ಅದನ್ನ ತಮ್ಮ ಲೇಖನದಾಗ ತಗೊಂಡಾರ?”

“ಇಲ್ರಿ.”

“ಮತ್ತ? ಹೋಗು, ಕೆಲಸಾ ನೋಡು.”

ಹೊರಗೆ ಬಂದ ಮೇಲೆ ಬಾಯಿಯವರಿಗೆ ನಗು ಬಂತು. ಕಂಬಕ್ಕೆ ಒರಗಿ ನಕ್ಕರು. ನಗುವ ನಡುವೆ ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನೂ ನಾನು ನೋಡಿದೆ. ನಾಯಿ ಸರ್ ಅವರಿಗೂ ಹೋಗಿ ಹೇಳಲೇ ಎಂದು ಕೇಳಿದೆ. “ಬ್ಯಾಡ್ರಿ. ಅಂವಾ ಪಾಪದ ಮನಶ್ಯಾ, ಎದಿ ಒಡಕೊಂಡ ಬಿಡತಾನ” ಎಂದರು. ಮರುದಿನ ತಾವೇ ಅವರ ಹತ್ತಿರ ಹೋಗಿ, “ಸರ್, ನಾಯಿಗೋಳು ನಿಮ್ಮನ್ನ ಬಿಟ್ಟ ಇರೂದಿಲ್ಲ. ಹುಳಾ ನಾ ನೋಡಕೋತೇನಿ” ಎಂದರಂತೆ. ನಾಯಿ ಸರ್ ‘ಸದ್ಯ, ನಾ ಬದುಕಿದೆ’ ಎಂದು ಹೊಲದ ಬೀಗದ ಕೈ ಕೊಟ್ಟರು. ಹೀಗೆ ಎರಡು ಎಕರೆ ಅವರ ಕೈಗೆ ಬಂತು. ಆದರೆ ಕೇಂದ್ರದಿಂದ ಹೊರಟ ಪ್ರತಿಯೊಂದು ವರದಿಯ ಮೇಲೂ ನಿಯಮದಂತೆ ಮುಖ್ಯಸ್ಥರ ಹೆಸರಿರುತ್ತಿತ್ತು. ಅವುಗಳನ್ನು ಮುಂದೆ ದೂರದ ಊರಿನವರು ನಿಜವಾಗಿಯೇ ಓದಿದರು, ತಮ್ಮ ಲೇಖನಗಳ ಬುಡದಲ್ಲಿ ಬರೆದುಕೊಂಡರು. ಎಣಿಸಿದವರು ನಾಯಿ ಸರ್ ಅವರನ್ನೇ ಗೊಣ್ಣೆ ಹುಳುವಿನ ದೊಡ್ಡ ಪಂಡಿತರೆಂದರು. ಹೊಲ ಸಿಕ್ಕಿತು, ಹೆಸರು ಸಿಗಲಿಲ್ಲ. ಆ ಎರಡನೆಯದು ನನ್ನಿಂದ ಆದದ್ದು.

ಬಾಯಿಯವರು ಈಗಿಲ್ಲ. ನಾಯಿ ಸರ್ ಕೂಡ ಇಲ್ಲ. ಮೊನ್ನೆ ಮಳೆ ಬಿದ್ದಾಗ ತುಬಚಿಯಲ್ಲಿ ನನ್ನ ಮಗಳ ಮಾವನ ಹೊಲದಲ್ಲಿದ್ದೆ. ಸಂಜೆ ಬೀಗರು ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ, ಪಕ್ಕದಲ್ಲಿ ಚಿಮಣಿ ಎಣ್ಣೆ ನೀರಿನ ಬಕೆಟ್ ಇಟ್ಟರು.

“ಇದಕ್ಕ ನಾಯಿ ಸಾಹೇಬ್ರ ಪದ್ಧತಿ ಅಂತಾರ್ರಿ ಬೀಗರ” ಎಂದರು.

“ಅಲ್ರಿ, ಇದು ಅವರದಲ್ಲ” ಎಂದೆ. ಬಾಯಿಯವರ ಪೂರ್ತಿ ಹೆಸರನ್ನು ಹೇಳಿದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

“ಇರಬೇಕ್ರಿ” ಎಂದರು ಬೀಗರು, ಮೇಲೆ ನೋಡುತ್ತ. “ನೀವ ಆ ಕಡೀ ಟೊಂಗಿ ಹಿಡೀರಿ. ಜೋರ ಅಲ್ಲಾಡಸ್ರಿ.”

ನಾನು ಎರಡೂ ಕೈಯಿಂದ ಟೊಂಗೆ ಹಿಡಿದು ಅಲ್ಲಾಡಿಸಿದೆ. ದುಂಬಿಗಳು ನನ್ನ ಟೋಪಿಯ ಮೇಲೆ ಪಟಪಟ ಉದುರಿದವು.